ಒಡ್ಡಿನ ಬುಡದ ಗಂಗವ್ವ

ನಾನು ಒಂದು ಮಣ್ಣಿನ ಒಡ್ಡು. ಹಳ್ಳಕ್ಕೆ ಅಡ್ಡವಾಗಿ ಮಲಗಿದ್ದೇನೆ ಎನ್ನುತ್ತಾರೆ. ಮಲಗಿದವರಿಗೆ ನಿದ್ದೆಯಾದರೂ ಬರುತ್ತದೆ, ನನಗೆ ಅದೂ ಇಲ್ಲ. ಒಮ್ಮೆ ಹಳ್ಳ ಉಕ್ಕಿ ಕೆಳಗಿನ ಊರು ಕೊಚ್ಚಿಹೋದ ಮೇಲೆ ನನ್ನನ್ನು ಕಟ್ಟಿದರು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದರು, ಗಂಡಸರು ದಿಮ್ಮಸಿನಿಂದ ಬಡಿದರು. ಮಳೆಯ ರಭಸ ತಡೆದು, ತೂಬಿನಿಂದ ನೀರನ್ನು ನಿಧಾನವಾಗಿ ಬಿಟ್ಟು, ಮತ್ತೆ ಖಾಲಿಯಾಗಿ ಕಾಯುವುದೇ ನನ್ನ ಕೆಲಸ.

ಆದರೆ ಖಾಲಿ ಕೂತವರನ್ನು ಯಾರು ಕೆಲಸದವರೆಂದು ನಂಬುತ್ತಾರೆ? ಬಹಳ ವರ್ಷ ಪ್ರವಾಹ ಬರಲಿಲ್ಲ. ನನ್ನ ಕಾವಲಿನವನು ನಿವೃತ್ತನಾದ. ತೂಬಿನ ಉಸ್ತುವಾರಿ ಊರ ಹಿರಿಯ ಅಂದಾನಗೌಡರಿಗೆ ಬಂತು.

"ಇಷ್ಟ ನೀರು ಸುಮ್ನ ಹರದು ಹೋಗೂದು ನೋಡಿದ್ರ ಹೊಟ್ಟಿ ಉರಿತೈತಿ" ಎಂದು ಅವರು ತೂಬು ಮುಚ್ಚಿಸಿದರು. ದನಗಳಿಗೆ ಬೇಸಿಗೆಯಲ್ಲೂ ನೀರಾಯಿತು. ನಾನು ಮಾತ್ರ ಹಗಲಿರುಳು ನೆನೆದೆ. ಹೆಗ್ಗಣ ಕೊರೆದ ಬಿಲಗಳಲ್ಲಿ ನೀರು ದಾರಿ ಹುಡುಕಿಕೊಂಡು ನನ್ನ ಬುಡದಲ್ಲಿ ಜಿನುಗಿತು.

ಊರವರು ಗಂಗವ್ವ ಹುಟ್ಟಿದಳೆಂದು ಅರಿಸಿನ ಕುಂಕುಮ ಹಚ್ಚಿದರು. ನನ್ನ ಗಾಯಕ್ಕೆ ಕುಂಕುಮ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀಲವ್ವ ಎಂಬಾಕೆ ಅಲ್ಲೇ ಕಲ್ಲು ಹಾಕಿಕೊಂಡು ಬಟ್ಟೆ ಒಗೆಯತೊಡಗಿದಳು. ಅವಳ ಮನೆ ನನ್ನ ಬುಡದಿಂದ ನಾಲ್ಕು ಹೆಜ್ಜೆ, ತೊಟ್ಟಿಲಲ್ಲಿ ಮೊಮ್ಮಗಳು. ಆ ಕೂಸು ಅತ್ತಾಗಲೆಲ್ಲ, ನಾನು ಒಡೆದರೆ ಮೊದಲು ಕೊಚ್ಚಿಹೋಗುವುದು ಆ ತೊಟ್ಟಿಲೇ ಎಂದು ನೆನಪಾಗುತ್ತಿತ್ತು.

ಈ ಮಳೆಗಾಲ ಒರತೆ ರಾಡಿಯಾಯಿತು. ಆ ರಾಡಿ ನನ್ನದೇ ಒಳಗಿನ ಮಣ್ಣು. ಕೂಸಿನ ತಲೆಗೆ ಕಟ್ಟುವ ಬಿಳಿ ಕುಂಚಿಗೆ ಒಗೆದರೂ ಕೊಳೆಯಾಗಿ ಬಂದಾಗ ನೀಲವ್ವ ಹೆದರಿದಳು. ಗಂಗವ್ವನಿಗೆ ಸಿಟ್ಟು ಬಂದಿದೆಯೆಂದು ಉಡಿ ತುಂಬಲು ಬಂದು, ತೆಂಗಿನಕಾಯಿಯನ್ನು ಒರತೆಯ ಬಾಯಿಗಿಟ್ಟಳು. ನೆನೆದ ಮಣ್ಣು ಕುಸಿದು ಕಾಯಿ ಒಳಗೆ ಹೋಯಿತು. ತೆಗೆಯಲು ಕೈ ಹಾಕಿದಳು. ಭುಜದವರೆಗೆ ಹೋದರೂ ಏನೂ ಸಿಗಲಿಲ್ಲ.

ರಾಡಿ ಮೆತ್ತಿದ ತೋಳಿನಲ್ಲೇ ಗೌಡರ ಮನೆಗೆ ಓಡಿದಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ಯಪ್ಪಾ, ಅದು ಗಂಗವ್ವ ಅಲ್ರೀ. ಒಡ್ಡು ಒಳಗ ಟೊಳ್ಳಾಗೇತಿ. ತೂಬು ತಗೀರಿ."

"ತೂಬು ತಗದ್ರ ಬ್ಯಾಸಗಿಗೆ ದನಾ ಏನ್ ಕುಡೀಬೇಕವ್ವಾ?"

"ಒಡ್ಡು ಒಡದ್ರ ದನಾನೂ ಇರಂಗಿಲ್ಲ, ನನ್ನ ಕೂಸೂ ಇರಂಗಿಲ್ಲ. ನೀವ ಬಂದು ಕೈ ಹಾಕಿ ನೋಡ್ರಿ."

ಗೌಡರು ಬಂದು ಕೈ ಹಾಕಿದರು. ಆಮೇಲೆ ನೇರ ತೂಬಿಗೆ ನಡೆದು ಅದನ್ನು ತೆಗೆಸಿದರು.

ನೀರು ಇಳಿಯಿತು. ಆ ಮಳೆಯನ್ನು ಹೇಗೋ ತಡೆದೆ. ಒರತೆ ಬತ್ತಿತು, ದೇವಿಯನ್ನು ಓಡಿಸಿದಳೆಂದು ಕೆಲವರು ನೀಲವ್ವನನ್ನೇ ಬೈದರು. ದುರಸ್ತಿಯವರು ಬರುತ್ತಾರಂತೆ, ಇನ್ನೂ ಬಂದಿಲ್ಲ. ತೂಬು ಮುಚ್ಚುವ ಮಾತು ಮಾತ್ರ ಮತ್ತೆ ಶುರುವಾಗಿದೆ. ನನಗೆ ವಯಸ್ಸಾಗಿದೆ, ಆ ಕಾಯಿ ಇನ್ನೂ ನನ್ನ ಹೊಟ್ಟೆಯಲ್ಲೇ ಇದೆ.

ಮಳೆ ಬಿದ್ದಾಗಲೆಲ್ಲ ನೀಲವ್ವ ಕೂಸಿನ ಕುಂಚಿಗೆ ತಂದು ನನ್ನ ಬುಡದ ತೇವಕ್ಕೆ ಒತ್ತಿ, ರಾಡಿ ಹತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಅವಳು ನೋಡಿ ಮುಗಿಸುವವರೆಗೆ ನಾನೂ ಉಸಿರು ಬಿಗಿಹಿಡಿದಿರುತ್ತೇನೆ.