ಬಿಡದ ಕಪ್ಪು

ಮುನಿಯಕ್ಕ ಗಂಡನ ಬೆರಳುಗಳಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಲೇ ಇದ್ದರು. ಹೆಣಕ್ಕೆ ನೀರು ಹಾಕುವವರು ಬಿಂದಿಗೆ ಹಿಡಿದು ಕಾಯುತ್ತಿದ್ದರು. ಹತ್ತು ಬೆರಳ ತುದಿಗಳೂ ಕಪ್ಪು.

“ಬುಡಮ್ಮಾ, ಅದೇನು ಹಿತ್ತಾಳೆ ಚೊಂಬಾ?” ಎಂದ ಸತ್ತ ದಾಸಪ್ಪನ ಅಣ್ಣ ಯಂಕಪ್ಪ. “ಉಂಡು ಮಲಗ್ದೋನು ಏಳ್ಲಿಲ್ಲ. ಕೈ ನೋಡಿದ್ರೆ ಇಂಗೆ. ಏನ್ ಕುಡ್ದವ್ನೋ! ಪೊಲೀಸ್ರಿಗೆ ಹೇಳಿ, ಕುಯ್ಸಿ ನೋಡ್ದೆ ಮಣ್ಣು ಮಾಡಾಕಿಲ್ಲ.”

“ಡಾಕ್ಟ್ರು ಹಾರ್ಟು ಅಂದ್ರಲ್ಲ ಬಾವ. ಈ ಕಪ್ಪು ತಿಂಗ್ಳುಗಳಿಂದ ಐತೆ, ಕೆಲ್ಸದ್ದು ಅಂತಿದ್ರು. ಅವ್ರನ್ನ ಕುಯ್ಯೋದು ಬ್ಯಾಡ.” ಮುನಿಯಕ್ಕನಿಗೆ ಅಳಲೂ ತ್ರಾಣವಿರಲಿಲ್ಲ.

ದಾಸಪ್ಪ ಕೆಲಸಕ್ಕಿದ್ದ ಪೀಣ್ಯದ ಕಾರ್ಖಾನೆಯ ಲ್ಯಾಬಿನಿಂದ ಬಂದಿದ್ದ ವೇಣಿ ಗೋಡೆಗೊರಗಿ ನಿಂತಿದ್ದಳು. ಆ ಕಪ್ಪು ಏನೆಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳಿದರೆ, ಹೇಗೆ ಬಂತೆಂದೂ ಹೇಳಬೇಕಾಗುತ್ತಿತ್ತು.

*

“ಮೇಡಂ, ಈ ಬಾಟ್ಲಿ ಟೀ ಬಣ್ಣಕ್ಕೆ ಬಂದೈತೆ. ಅದು ನೀರಂಗೇ ಐತೆ. ಎಲ್ಡಕ್ಕೂ ನಾನು ಹಾಕಿದ್ದು ಒಂದೇ ಬೆಳ್ಳಿ ಉಪ್ಪಲ್ವಾ?” ಹನ್ನೊಂದು ವರ್ಷದಿಂದ ಲ್ಯಾಬ್ ಅಟೆಂಡರ್ ಆಗಿದ್ದ ದಾಸಪ್ಪ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ್ದ.

ದ್ರವ ಬೇರೆ ಬೇರೆ, ಎಂದಿದ್ದಳು ವೇಣಿ. ಎರಡೂ ಗಿಡ್ಡ ಸರಪಳಿಯಂಥ ಅಣುಗಳವೇ. ಒಂದರಲ್ಲಿ ಸರಪಳಿ ಬೆಳ್ಳಿಯನ್ನು ಸುತ್ತಿ ಹಿಡಿದು ಸುಮ್ಮನಿರುತ್ತದೆ. ಇನ್ನೊಂದರಲ್ಲಿ ಸರಪಳಿಯ ತುದಿ ಉಪ್ಪಿನೊಳಗಿನ ಬೆಳ್ಳಿಯನ್ನು ಮತ್ತೆ ಲೋಹ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಅವುಗಳದೇ ಆ ಬಣ್ಣ.

“ನನ್ ಕೈನೂ ಆ ಟೀ ಬಾಟ್ಲಿ ಜಾತೀನೇ ಬುಡಿ,” ಎಂದು ದಾಸಪ್ಪ ನಕ್ಕಿದ್ದ. “ಗ್ಲೌಸ್ ಖಾಲಿಯಾಗಿ ತಿಂಗ್ಳಾತು ಮೇಡಂ.”

“ಸೋಮವಾರ ತರಿಸ್ತೀನಿ ದಾಸಪ್ಪ,” ಎಂದವಳು ತನ್ನ ಡ್ರಾಯರಿನಲ್ಲಿದ್ದ ಒಂದು ಜೊತೆ ಗ್ಲೌಸನ್ನು ತಾನೇ ಹಾಕಿಕೊಂಡಿದ್ದಳು. ಆಮೇಲೆ ಎಷ್ಟೋ ಸೋಮವಾರಗಳು ಬಂದು ಹೋದವು.

*

ಯಂಕಪ್ಪ ಫೋನ್ ತೆಗೆದ.

“ಅದು ವಿಷ ಅಲ್ಲ.” ವೇಣಿ ಗೋಡೆ ಬಿಟ್ಟು ಮುಂದೆ ಬಂದಳು. “ಬೆಳ್ಳಿ ಉಪ್ಪು. ಚರ್ಮಕ್ಕೆ ತಾಗಿದ್ರೆ ಬೆಳಕಿಗೆ ಕಪ್ಪಾಗತ್ತೆ, ತೊಳೆದ್ರೆ ಹೋಗಲ್ಲ. ಗ್ಲೌಸ್ ಕೊಡ್ಬೇಕಿತ್ತು. ತರಿಸ್ಬೇಕಾದವಳು ನಾನು. ತರಿಸ್ಲಿಲ್ಲ.”

“ಬರ್ದು ಕೊಡ್ತೀಯೇನಮ್ಮ?” ಎಂದ ಯಂಕಪ್ಪ.

ಕೆಲಸ, ಮೇಲಿನವರು, ವಿಚಾರಣೆ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. “ಕೊಡ್ತೀನಿ,” ಎಂದಳು.

ಯಂಕಪ್ಪ ಫೋನನ್ನು ಜೇಬಿಗಿಳಿಸಿದ. ಬಿಂದಿಗೆಯವರು ಮುಂದೆ ಬಂದರು.

ಮುನಿಯಕ್ಕ ಮೆಲ್ಲಗೆ ಎದ್ದು ವೇಣಿಯ ಹತ್ತಿರ ಬಂದರು. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ.

“ಎಲ್ಲಿ, ನಿನ್ ಕೈ ತೋರ್ಸವ್ವ.”

ಒಂದೊಂದೇ ಬೆರಳನ್ನು ಬಿಡಿಸಿ, ತಿರುಗಿಸಿ ನೋಡಿದರು. ಅವರ ಒದ್ದೆ ಅಂಗೈಯಲ್ಲಿ ವೇಣಿಯ ಹತ್ತೂ ಬೆರಳುಗಳು, ಒಂದು ಕಲೆಯೂ ಇಲ್ಲದೆ, ಈಗಷ್ಟೇ ತೊಳೆದಿಟ್ಟ ಹಾಗಿದ್ದವು.