ಎಡಗಡೆಯ ಎಲೆ

ನಾನು ಒಂದು ಟ್ಯಾಬ್. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಗವಸು ತೊಟ್ಟ ಕೈಗಳು ನನ್ನನ್ನು ಜೋಡಿಸಿದವು. ಆ ಕೈಗಳು ಯಾರವು ಎಂದು ನೋಡುವ ಭಾಗ್ಯ ನನಗಿರಲಿಲ್ಲ. ಕ್ಯಾಮೆರಾ ಸರಿಯಿದೆಯೋ ಇಲ್ಲವೋ ಎಂದು ಮೊದಲ ಸಲ ಕಣ್ಣು ತೆರೆಸಿದಾಗ ಕಂಡದ್ದು ಒಂದು ಬಿಳಿ ಗೋಡೆ. ಆಮೇಲೆ ಪೆಟ್ಟಿಗೆ, ಕತ್ತಲು, ಹಡಗು, ಲಾರಿ. ಪೆಟ್ಟಿಗೆಯ ಮೇಲೆ ಪುಸ್ತಕ ಹಿಡಿದು ನಗುವ ಹುಡುಗಿಯ ಚಿತ್ರವಿತ್ತು. ಅದನ್ನು ನಂಬಿ, ನಾನು ವಿದ್ಯೆಗೆಂದೇ ಹುಟ್ಟಿದವನು ಎಂದು ಜಂಬಪಟ್ಟೆ. ಆಹಾ, ಏನು ವಿದ್ಯೆ!

ನನ್ನನ್ನು ಮೊದಲು ಕೊಂಡದ್ದು ಧಾರವಾಡದ ಒಬ್ಬ ಶಾಲಾ ಶಿಕ್ಷಕಿ, ಮಗ ಪ್ರಣವನಿಗಾಗಿ. ಹುಡುಗ ಡಾಕ್ಟರ್ ಆಗಬೇಕು, ಪ್ರವೇಶ ಪರೀಕ್ಷೆಗೆ ಓದಬೇಕು. ಒಂದು ವಾರ ಓದಿದ. ಆಮೇಲೆ ಯಾರೋ ಗೆಳೆಯನ ಮಾತು ಕೇಳಿ ನನ್ನೊಳಗೆ ಒಂದು ಆಟ ತಂದು ಕೂರಿಸಿದ. ಅಲ್ಲಿಂದ ನನ್ನ ಬದುಕು ಆ ಆಟಕ್ಕೇ ಅಂಟಿಕೊಂಡಿತು.

ಇಸ್ಪೀಟಿನಂತೆ ಕೈಯಲ್ಲಿ ಎಲೆ ಹಿಡಿದು ಕೋಟೆ ಹತ್ತುವ ಆಟ ಅದು. ಅಂತಸ್ತಿಗೊಬ್ಬ ರಾಕ್ಷಸ ಕಾದಿರುತ್ತಾನೆ. ಮೊದಲಿಗೆ ಸಿಗುವುದೆಲ್ಲ ಬಡಕಲು ಎಲೆಗಳೇ: ಮೊಂಡು ಕತ್ತಿ, ತೂತು ಗುರಾಣಿ. ಒಬ್ಬನನ್ನು ಕೆಡವಿದರೆ ಆಟ ಮೂರು ಹೊಸ ಎಲೆ ತೋರಿಸಿ ಒಂದನ್ನು ಆರಿಸಿಕೋ ಎನ್ನುತ್ತದೆ. ಹೀಗೆ ಕೂಡಿಸುತ್ತ, ಕೆಲಸಕ್ಕೆ ಬಾರದ್ದನ್ನು ಕಳೆಯುತ್ತ ಮೇಲೆ ಹೋಗಬೇಕು. ಸತ್ತರೆ ಕೂಡಿಸಿದ್ದೆಲ್ಲ ಮಣ್ಣುಪಾಲು. ಮತ್ತೆ ಅದೇ ಬಾಗಿಲು, ಅದೇ ಮೊಂಡು ಕತ್ತಿ. ಆದರೆ ಈ ಸಲ ಒಳಗಿನ ದಾರಿ ಬೇರೆ, ರಾಕ್ಷಸರು ಬೇರೆ, ಬರುವ ಎಲೆಗಳು ಬೇರೆ. ಸೋತವನಿಗೆ ಬೇಸರ ಬರಬೇಕಲ್ಲವೇ? ಊಹೂಂ! ಆ ವಿಷದ ಎಲೆಯನ್ನು ತೆಗೆದುಕೊಂಡಿದ್ದರೆ ಗೆಲ್ಲುತ್ತಿದ್ದೆನಲ್ಲ ಎನ್ನುತ್ತಲೇ ಬೆರಳು ಮತ್ತೆ ಶುರು ಮಾಡಿರುತ್ತದೆ. ಪ್ರಣವನ ‘ಇದೊಂದೇ ಆಟ’ ಎಂಬ ಮಾತನ್ನು ನಾನು ದಿನಾ ಕೇಳಿದ್ದೇನೆ, ಒಂದು ದಿನವೂ ನಂಬಿಲ್ಲ.

ಅವನ ತಾಯಿಗೆ ಗೊತ್ತಾದ ದಿನ ಆಕೆ ಬೈದದ್ದು ನನ್ನನ್ನಲ್ಲ, ತನ್ನನ್ನೇ. “ಓದಿ ಓದಿ ಸೊರಗ್ಯಾನಂತ ಬಾದಾಮಿ ಹಾಲು ಕಾಸಿ ಕೊಟ್ಟೆನಲ್ಲೋ, ನಾನೆಂಥ ಹುಚ್ಚಿ!” ಎಂದು ಹಣೆ ಬಡಿದುಕೊಂಡರು. ಮರುದಿನವೇ ನಾನು ಹುಬ್ಬಳ್ಳಿಯ ಹಳೆ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದೆ. ಅಂಗಡಿಯ ರಿಯಾಜ್ ಆಟವನ್ನು ಅಳಿಸಲು ಹೊರಟು, ಏನಿದೆ ನೋಡೋಣ ಎಂದು ಒಮ್ಮೆ ತೆರೆದ. ಮುಗಿಯಿತು ಕಥೆ. ಗಿರಾಕಿಗಳು ಕೌಂಟರ್ ಕುಟ್ಟಿದರೂ “ತಡೀರಿ, ಈ ರಾಕ್ಷಸ ಸಾಯ್ಲಿ” ಎನ್ನುತ್ತಿದ್ದ. ನನ್ನನ್ನು ಮಾರುವಾಗ ಆಟ ಹಾಗೆಯೇ ಉಳಿದಿತ್ತು.

ಮೂರನೆಯವರು ಗದಗಿನ ಗುದ್ಲೆಪ್ಪ. ವ್ಯಾನಿನ ಬಿಡಿಭಾಗಕ್ಕೆಂದು ಹುಬ್ಬಳ್ಳಿಗೆ ಬಂದವರು ಕಾಲೇಜಿಗೆ ಹೋಗುವ ಮಗಳು ದಾಕ್ಷಾಯಣಿಗಾಗಿ ನನ್ನನ್ನೂ ಕೊಂಡು ಹೋದರು. ಅವರದು ಶಾಲಾ ಮಕ್ಕಳನ್ನು ಕರೆದೊಯ್ಯುವ ಹಳದಿ ವ್ಯಾನು. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ನಡುವೆ ಊಟ, ಪೇಪರು, ಜೊಂಪು. ದಾಕ್ಷಿ ನಿಜವಾಗಿಯೂ ಓದುವ ಹುಡುಗಿ. ಪೆಟ್ಟಿಗೆಯ ಚಿತ್ರ ಕೊನೆಗೂ ಸುಳ್ಳಾಗಲಿಲ್ಲ ಎಂದು ನನಗೆ ಸಮಾಧಾನವಾಯಿತು.

ಒಂದು ಮಧ್ಯಾಹ್ನ ಓದು ಮುಗಿಸಿ ಮಗಳು ನನ್ನೊಳಗಿನ ಆಟ ಆಡುವುದನ್ನು ಗುದ್ಲೆಪ್ಪ ಬಗ್ಗಿ ನೋಡಿದರು. “ಇಸ್ಪೀಟೇನಬೇ ಇದು? ಮನಿಯಾಗ ಇಸ್ಪೀಟ್ ಆಡ್ತಿ?” ಎಂದು ಗದರಿಸಿದವರು ಅರ್ಧ ತಾಸಿನಲ್ಲಿ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಇಂಗ್ಲಿಷ್ ಓದಲು ಬಾರದಿದ್ದರೂ ಚಿತ್ರ ನೋಡಿಯೇ ಎಲ್ಲ ಎಲೆಗಳ ಗುಣ ತಿಳಿದುಕೊಂಡರು. “ಇದು ಚೊಲೊ ಆಟ ಬಿಡವಾ. ನನ್ನ ರಸ್ತೆ ನನಗ ಬಾಯಿಪಾಠ, ಯಾವ ತಗ್ಗು ಎಲ್ಲೈತಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಇದರಾಗ ಬಾಯಿಪಾಠ ನಡಿಯಂಗಿಲ್ಲ” ಎಂದರು. ಒಂದು ರಾಕ್ಷಸ ಅಪ್ಪನಿಗೆ, ಮುಂದಿನದು ಮಗಳಿಗೆ ಎಂದು ಒಪ್ಪಂದವಾಯಿತು. ತಾಯಿ ಶಾಂತವ್ವ ರೊಟ್ಟಿ ಬಡಿಯುತ್ತ “ಅಪ್ಪ ಮಗಳಿಗೆ ಒಂದೇ ಹುಚ್ಚು” ಎಂದು ನಗುತ್ತಿದ್ದರು. ಹಾಗೆ ವರ್ಷಗಳು ಹೋದವು. ಗೋಡೆಯ ಬಣ್ಣ ಬದಲಾಯಿತು, ನನ್ನ ಗಾಜಿನ ಮೂಲೆ ಬಿರಿಯಿತು. ಆಟ ಮಾತ್ರ ಅವರಿಬ್ಬರಿಗೂ ಹಳಸಲೇ ಇಲ್ಲ.

ಆಮೇಲೆ ಗುದ್ಲೆಪ್ಪ ಸೋಲತೊಡಗಿದರು. ಸೋಲು ಈ ಆಟದಲ್ಲಿ ಹೊಸದಲ್ಲ. ಆದರೆ ಕೆಳಗಿನ ಅಂತಸ್ತಿನಲ್ಲೇ, ಕೂಸು ಕೂಡ ಗೆಲ್ಲುವ ಜಾಗದಲ್ಲೇ ಸೋಲುವುದೆಂದರೆ?

“ಅಪ್ಪಾ, ಗುರಾಣಿ ಮ್ಯಾಲೆ ಏನ್ ಸಿಟ್ಟು ನಿನಗ? ಹೊಡತ ತಿಂದು ಸತ್ತಿ ನೋಡು” ಎಂದು ದಾಕ್ಷಿ ಕಾಡಿಸಿದಳು.

“ಗುರಾಣಿ ಎಲ್ಲಿತ್ತು?”

“ಇತ್ತಲ್ಲ!”

“ಇದ್ದಿದ್ರ ಬಿಡ್ತಿದ್ನೇನು? ಸುಳ್ಳ ಹೇಳಬ್ಯಾಡ.”

ಇತ್ತು. ನನ್ನ ಎದೆಯ ಮೇಲೆಯೇ, ಎಡಗಡೆಯ ತುದಿಯಲ್ಲಿ ಇತ್ತು. ಅವರ ಬೆರಳು ಅಲ್ಲಿಗೆ ಬರಲೇ ಇಲ್ಲ. ಮರುದಿನ ಅದೇ ಜಾಗಕ್ಕೆ ಕತ್ತಿ ಬಂತು, ಅದನ್ನೂ ಮುಟ್ಟಲಿಲ್ಲ. ಇನ್ನೊಂದು ದಿನ ಪ್ರಾಣ ಉಳಿಸುವ ಮದ್ದು ಬಂತು, ಮುಟ್ಟದೆ ಸತ್ತರು. ಅಯ್ಯೋ, ಅಲ್ಲಿದೆ ನೋಡ್ರೀ ಎಂದು ಕೂಗಬೇಕೆನಿಸುತ್ತಿತ್ತು. ನನಗೆ ಸ್ಪೀಕರ್ ಇದೆ, ಬಾಯಿಲ್ಲ. ಯಾರೋ ಒತ್ತಿದ್ದನ್ನು ಹಾಡುವುದಷ್ಟೇ ನನ್ನ ಹಣೆಬರಹ.

ಮೊದಲು ದಾಕ್ಷಿ ನಕ್ಕಳು, ಅಪ್ಪನಿಗೆ ವಯಸ್ಸಾಯಿತು ಎಂದಳು. ಆಮೇಲೆ ನಗುವುದನ್ನು ಬಿಟ್ಟಳು. ಚಹಾ ಕಪ್ಪು ಅವರ ಎಡ ಮೊಣಕೈಗೆ ತಗುಲಿ ಉರುಳಿದ್ದನ್ನು ನೋಡಿದಳು. ವ್ಯಾನಿನ ಎಡಮಗ್ಗುಲಲ್ಲಿ ಉದ್ದಕ್ಕೂ ಗೀರು ಬಿದ್ದಾಗ, ಯಾವನೋ ಬೈಕಿನವನು ತಿಕ್ಕಿ ಹೋದ ಎಂದು ಅಪ್ಪ ಬೈದದ್ದನ್ನು ಕೇಳಿದಳು. ಆಟದಲ್ಲಿ ಎಲೆಗಳು ಪ್ರತಿ ಸಲ ಬದಲಾಗುತ್ತಿದ್ದವು, ತಪ್ಪುವ ಜಾಗ ಬದಲಾಗುತ್ತಿರಲಿಲ್ಲ. ಒಂದು ಸಂಜೆ ನನ್ನನ್ನು ಅಪ್ಪನ ಮುಂದೆ ಹಿಡಿದಳು.

“ಅಪ್ಪಾ, ಕೈಯಾಗ ಎಷ್ಟು ಎಲಿ ಅದಾವ ಹೇಳು.”

“ನಾಕು.”

ಐದಿದ್ದವು. ಅವಳು ಆ ಸುತ್ತು ಮುಗಿಸಿ ಹೊಸದಾಗಿ ಐದು ಎಲೆ ಹಂಚಿಸಿದಳು. “ಈಗ?”

“ನಾಕು. ಏನಬೇ, ಅಂಕಿ ಕಲಿಸಾಕತ್ತಿಯೇನು ನನಗ?”

ಅವಳು ನನ್ನನ್ನು ಕೆಳಗಿಟ್ಟಳು. “ಅಪ್ಪಾ, ನಾಳಿ ಕಣ್ಣಿನ ಡಾಕ್ಟರ್ ಕಡೆ ಹೋಗೂಣು. ಅಲ್ಲೀತನಕ ವ್ಯಾನ್ ಹೊಡಿಬ್ಯಾಡ” ಎಂದಳು.

ಗುದ್ಲೆಪ್ಪ ಕೆರಳಿದರು. “ನನ್ನ ಕಣ್ಣಿಗೇನಾಗೇತಿ? ಪೇಪರ್ ಓದ್ತೀನಿ. ಶಾಂತಾ, ತಾ ಇಲ್ಲಿ ಸೂಜಿ!” ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಮಗಳ ಮುಖಕ್ಕೆ ಹಿಡಿದರು. “ಆಟದಾಗ ಒಂದು ಎಲಿ ಬಿಟ್ರ ನಾ ಕುರುಡ ಆದ್ನ್ಯಾ?”

“ವ್ಯಾನಿನ್ಯಾಗ ಮಕ್ಕಳು ಕುಂದರ್ತಾವ ಅಪ್ಪಾ.”

“ಅವು ನಿನಕಿಂತ ಹೆಚ್ಚು ನನಗ ಗೊತ್ತು!” ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅಪ್ಪನಿಗೆ ಹಾಗೆ ಅನ್ನಬಾರದು ಎಂದು ಶಾಂತವ್ವ ಮಗಳಿಗೇ ಬೈದರು. ದಾಕ್ಷಿ ಊಟ ಮಾಡಲಿಲ್ಲ. ಗುದ್ಲೆಪ್ಪನವರ ಕಣ್ಣಿಗೆ ನೋವಿರಲಿಲ್ಲ, ಮಬ್ಬಿರಲಿಲ್ಲ. ಕಾಣದಿರುವುದು ಕಾಣುತ್ತಿಲ್ಲ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಬೆಳಗ್ಗೆ ಗುದ್ಲೆಪ್ಪ ಎಂದಿನಂತೆ ವ್ಯಾನಿನ ಗಾಜು ಒರೆಸಿದರು, ಊದಿನಕಡ್ಡಿ ಹಚ್ಚಿದರು, ಸೀಟಿನಲ್ಲಿ ಕೂತು ಗಾಡಿ ಚಾಲೂ ಮಾಡಿದರು. ದಾಕ್ಷಿ ನನ್ನನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದಳು. ವ್ಯಾನಿನ ಮುಂದೆ, ಎಡಗಡೆಯ ದೀಪದ ಹತ್ತಿರ ಹೋಗಿ ನಿಂತಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ನಡುವೆ ಒಂದು ಕಡ್ಡಿಯ ಮರೆಯೂ ಇರಲಿಲ್ಲ.

ಗುದ್ಲೆಪ್ಪ ಬಾಗಿಲ ಕಡೆ ನೋಡಿ ಹೆಂಡತಿಯನ್ನು ಕರೆದರು. “ಶಾಂತಾ, ದಾಕ್ಷಿ ಎಲ್ಲದಾಳ? ಸಿಟ್ಟು ಇನ್ನೂ ಇಳಿದಿಲ್ಲೇನು ಅಕಿದು? ಕರಿ, ಹೋಗಿ ಬರ್ತೀನಂತ ಹೇಳ್ತೀನಿ.”

ರಂಗೋಲಿ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಶಾಂತವ್ವ ಮಗಳನ್ನು ನೋಡಿದರು. ಗಂಡನನ್ನು ನೋಡಿದರು. ಇನ್ನೊಮ್ಮೆ ಮಗಳನ್ನು ನೋಡಿದರು.

“ಗಾಡಿ ಬಂದ್ ಮಾಡ್ರಿ.”

“ಯಾಕ? ಹೊತ್ತಾತು ನನಗ.”

“ಬಂದ್ ಮಾಡ್ರಿ ಅಂದ್ನಿ!”

ಆ ಮನೆಯಲ್ಲಿ ಶಾಂತವ್ವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಹೆಂಡತಿಯ ಕಣ್ಣು ಹೋದ ಕಡೆಗೆ ಗುದ್ಲೆಪ್ಪ ಪೂರ್ತಿ ಕತ್ತು ತಿರುಗಿಸಿದರು.

“ಯಾವಾಗ ಬಂದಿ ನೀ?”

“ಆಗಿಂದ ಇಲ್ಲೇ ನಿಂತೇನಿ ಅಪ್ಪಾ.”

ಗುದ್ಲೆಪ್ಪ ಗಾಡಿ ಬಂದ್ ಮಾಡಿದರು. ಮಕ್ಕಳ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದರು. ಇಂದು ವ್ಯಾನ್ ಇಲ್ಲ ಎಂದರು, ಕಾರಣ ಹೇಳಲಿಲ್ಲ.

ಕಣ್ಣಿನೊಳಗಿನ ಒತ್ತಡದ ರೋಗ, ಗ್ಲಾಕೋಮಾ, ಎಂದರಂತೆ ಡಾಕ್ಟರು. ನೋವಿಲ್ಲದೆ ಅಂಚಿನಿಂದ ತಿನ್ನುತ್ತ ಬರುತ್ತದಂತೆ. ಎಡಗಡೆ ಬಹಳ ತಿಂದಿದೆ. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು. ಮನೆಗೆ ಬಂದು ಗುದ್ಲೆಪ್ಪ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

“ಮಕ್ಕಳು ಹತ್ತೂದು, ಇಳಿಯೂದು ಎಡಕ್ಕ ದಾಕ್ಷಿ” ಎಂದರು. “ಎಷ್ಟು ದಿನದಿಂದ ನಾ ಹಂಗ ಓಡಿಸೀನಿ?”

ಯಾರಿಗೂ ಏನೂ ಆಗಿಲ್ಲವಲ್ಲ ಅಪ್ಪಾ ಎಂದು ದಾಕ್ಷಿ ಅವರ ಕೈ ಹಿಡಿದಳು. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಇಂದಿಗೂ ಆಗಿಲ್ಲ.

ಈಗ ನನಗೂ ಮುಪ್ಪು. ಬ್ಯಾಟರಿ ಉಬ್ಬಿ ಬೆನ್ನು ಬಾಗಿದೆ. ಬಿಸಿಯಾದರೆ ಹೊತ್ತಿಕೊಂಡೀತು ಎಂದು ಹೆದರಿ ನನ್ನನ್ನು ಕಿಟಕಿಯ ಕಲ್ಲಿನ ಮೇಲೆ, ಗಾಳಿಗೆ ಇಟ್ಟಿದ್ದಾರೆ. ದಾಕ್ಷಿ ಹೊಸ ಟ್ಯಾಬ್ ಕೊಂಡಿದ್ದಾಳೆ, ಅದರಲ್ಲೂ ಅದೇ ಆಟವಿದೆ. ಗುದ್ಲೆಪ್ಪ ಅದನ್ನು ಹಿಡಿದರೆ ಮೊದಲು ಕತ್ತನ್ನು ಎಡಕ್ಕೆ ಹೊರಳಿಸಿ, ಅಲ್ಲಿಂದ ಒಂದೊಂದೇ ಎಲೆ ಎಣಿಸುತ್ತ ಬರುತ್ತಾರೆ. ಬಹಳ ಸಲ ಸೋಲುತ್ತಾರೆ, ಮತ್ತೆ ಕೋಟೆಯ ಬಾಗಿಲಿಗೆ ಬರುತ್ತಾರೆ. ಜನ ಈ ಆಟವನ್ನು ಯಾಕೆ ಬಿಡುವುದಿಲ್ಲ ಎಂದು ಪ್ರಣವನ ಕಾಲದಿಂದ ಯೋಚಿಸಿದ್ದೇನೆ. ಕಳೆದದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಶುರು ಮಾಡು ಎಂದು ಈ ಆಟ ಬಿಟ್ಟರೆ ಬೇರೆ ಯಾರು ಯಾರಿಗೆ ಹೇಳುತ್ತಾರೆ? ಡಾಕ್ಟರಂತೂ ಹೇಳಲಿಲ್ಲ.

ವ್ಯಾನನ್ನು ಈಗ ಮಲ್ಲೇಶಿ ಎಂಬ ಡ್ರೈವರ್ ಓಡಿಸುತ್ತಾನೆ. ಗಾಡಿ ಇವರ ಮನೆ ಮುಂದೆಯೇ ನಿಲ್ಲುತ್ತದೆ. ಬೆಳಗ್ಗೆ ಅವನು ಚಾಲೂ ಮಾಡುವ ಹೊತ್ತಿಗೆ ಗುದ್ಲೆಪ್ಪ ನನ್ನ ಕಿಟಕಿಗೆ ಬಂದು ನಿಲ್ಲುತ್ತಾರೆ.

“ಎಡಕ್ಕ ನೋಡ್ಕೋ, ಮಲ್ಲೇಶಿ.”

“ನೋಡೀನಿ ಕಾಕಾ, ಯಾರೂ ಇಲ್ಲ.”

“ಯಾರೂ ಇಲ್ಲಂತ ನಾನೂ ಅಂತಿದ್ನಿ. ಇಳಿದು ನೋಡು.”

ಮಲ್ಲೇಶಿ ಇಳಿದು ನೋಡುತ್ತಾನೆ.