ಮಯಿಲಿಯ ಕಾಲಿಗೆ ಗಂಜಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಆಷಾಢದಲ್ಲಿ, ಅಲ್ಲಿಯವರ ಆಡಿ ತಿಂಗಳಲ್ಲಿ, ಪೆರಿಯನಾಯಕನಪಾಳ್ಯಂನ ನೇಕಾರರ ಬೀದಿಯಲ್ಲಿ ಮಯಿಲಿ ಎಂಬ ಗಬ್ಬದ ಹಸುವಿತ್ತು. ತಗಡು ತಗುಲಿ ಅದರ ಹಿಂಗಾಲಿನ ಸ್ನಾಯುರಜ್ಜು ತುಂಡಾಯಿತು. ದನದ ದೊಡ್ಡಾಸ್ಪತ್ರೆಯವರು ಹೊಲಿದು ಕಳಿಸಿದರು. ಹೊಲಿದದ್ದು ಚೆನ್ನಾಗಿ ಕೂಡಿಕೊಳ್ಳಲೆಂದು ದಿನಕ್ಕೆ ಏಳು ನಿಮಿಷದಂತೆ ಹತ್ತು ದಿನ ಕಿವಿಗೆ ಕೇಳಿಸದ ಶಬ್ದದಲೆಯ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಡುತ್ತೇನೆಂದು ಪಶುವೈದ್ಯೆ ಶ್ರೀರಂಜನಿ ಹಸುವಿನ ಒಡತಿ ಬೆಳ್ಳಿಯಮ್ಮನಿಗೆ ಮಾತು ಕೊಟ್ಟಳು.

ಮಾತು ಹಗುರವಾಗಿತ್ತು, ದಾರಿ ಹಗುರವಾಗಿರಲಿಲ್ಲ. ಶರವಣಂಪಟ್ಟಿಯ ಕ್ಲಿನಿಕ್ಕಿನಲ್ಲಿ ದಿನವಿಡೀ ನಾಯಿ ಬೆಕ್ಕುಗಳನ್ನು ನೋಡಿ, ಎರಡು ಬಸ್ಸು ಹತ್ತಿಳಿದು, ಯಂತ್ರದ ಚೀಲ ಹೊತ್ತು ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಮಯಿಲಿ ಕರು ಹಾಕಲು ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಅಷ್ಟರೊಳಗೆ ಆ ಕಾಲು ಊರದಿದ್ದರೆ ಹಸು ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ, ಮತ್ತೆ ಏಳುವುದಿಲ್ಲ.

ನಾಲ್ಕು ದಿನ ಬಂದಳು. ಐದು, ಆರನೆಯ ದಿನ ಸುಸ್ತಿಗೆ ಮನೆಯಲ್ಲೇ ಮಲಗಿಬಿಟ್ಟಳು. ಏಳನೆಯ ಸಂಜೆ ಪಟ್ಟಿ ಬಿಚ್ಚಿದರೆ ಹುಳಿ ಅನ್ನದ ವಾಸನೆ. ಚರ್ಮದ ಮೇಲೆ ಬಿಳಿ ಹಕ್ಕಳೆ. ಮುಟ್ಟಿದರೆ ಮಯಿಲಿ ಒದೆಯಲು ನೋಡಿತು.

“ಇದೇನಜ್ಜಿ ಹಚ್ಚಿದೀರಿ?”

“ಗಂಜಿ, ಕಂದಾ,” ಅಂದರು ಬೆಳ್ಳಿಯಮ್ಮ, ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯಿಂದಲೇ. “ಮಗ್ಗದಲ್ಲಿ ಎಳೆ ಹರಿದ್ರೆ ಗಂಟಾಕಿ ಗಂಜಿ ತಡವ್ತೀವಿ. ಆಮೇಲೆ ಎಳುದ್ರೂ ಬಿಡಲ್ಲ. ನೀನೂ ಅದನ್ನೇ ತಾನೇ ತಡವ್ತಿದ್ದೆ? ನಿಂದು ಸ್ವಲ್ಪ ತೆಳು, ಅಷ್ಟೇ.”

“ಅದು ಜೆಲ್ಲು. ಯಂತ್ರಕ್ಕೂ ಚರ್ಮಕ್ಕೂ ನಡುವೆ ಗಾಳಿ ನಿಲ್ಲಬಾರದು ಅಂತ ಹಚ್ಚೋದು. ಗುಣ ಮಾಡೋದು ಯಂತ್ರ.”

“ಸದ್ದಿಲ್ಲ, ಬಿಸಿ ಇಲ್ಲ. ಅದು ಕೆಲಸ ಮಾಡ್ತೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನೀನು ಬರದ ಎರಡು ದಿನ ಬಿಟ್ಹೋಗಬಾರದು ಅಂತ ಹಚ್ಚಿದೆ. ಪಾಪ, ನಿಂಗೂ ಸುಸ್ತು ತಾನೇ.”

ಬೈಯುವುದಕ್ಕೂ ತ್ರಾಣ ಬೇಕು. ಬೈಯುವ ಹಕ್ಕೂ ತನಗಿಲ್ಲವೆನಿಸಿತು ಶ್ರೀರಂಜನಿಗೆ. ಬಿಸಿನೀರು ತರಿಸಿ, ಬಟ್ಟೆ ಅದ್ದಿ ಅದ್ದಿ ಹಕ್ಕಳೆ ನೆನೆಸಿದಳು. ಕೆಳಗೆ ಚರ್ಮ ಕೆಂಪಾಗಿ ಸುಲಿದಿತ್ತು.

“ಇದು ಒಣಗೋಕೆ ಮೂರು ದಿನ. ಆಮೇಲೆ ಮೊದಲಿಂದ ಹತ್ತು ದಿನ.”

“ಮೊದಲಿಂದಾನಾ? ಬರ್ತೀಯಾ ನೀನು?”

“ಬರ್ತೀನಿ. ನೀವು ಮಾತ್ರ ಗಂಜಿ ಮಗ್ಗಕ್ಕೇ ಇಟ್ಕೊಳ್ಳಿ.”

“ಇಟ್ಕೊಂಡೆ. ನೀನು ಹಾಸಿಗೆ ಬಿಟ್ಟು ಬಾ, ಸಾಕು.”

ಬಂದಳು, ಒಂದು ದಿನವೂ ತಪ್ಪಿಸಲಿಲ್ಲ. ಯಂತ್ರದ ಹಿಡಿಯನ್ನು ಒಂದೇ ಕಡೆ ನಿಲ್ಲಿಸಿದರೆ ಒಳಗೆ ಸುಡುತ್ತದೆ. ಸಣ್ಣ ಸಣ್ಣ ಸುತ್ತು ತಿರುಗಿಸುತ್ತಲೇ ಇರಬೇಕು. ಐದನೆಯ ದಿನ ಕೂತಲ್ಲೇ ಅವಳ ಕಣ್ಣು ಮುಚ್ಚಿಕೊಂಡವು. ಬೆಳ್ಳಿಯಮ್ಮ ಮಗ್ಗದಿಂದೆದ್ದು ಬಂದು ಅವಳ ಮಣಿಕಟ್ಟು ಹಿಡಿದು ತಿರುಗಿಸಿದರು. ಅಂದಿನಿಂದ ದಿನವೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

ಎಂಟನೆಯ ದಿನ ಗೊರಸಿನ ತುದಿ ನೆಲ ಮುಟ್ಟಿತು. ಹತ್ತನೆಯ ಸಂಜೆ, ಯಂತ್ರ ಇನ್ನೂ ನಡೆಯುತ್ತಿರುವಾಗಲೇ, ಮಯಿಲಿ ದೂರದ ಹುಲ್ಲಿಗೆ ಕತ್ತು ಚಾಚಿ, ಹೊಟ್ಟೆಯ ಭಾರವನ್ನೆಲ್ಲ ಆ ಕಾಲಿಗೇ ಬಿಟ್ಟಿತು. ಕಾಲು ನಡುಗಿತು, ಮಡಚಿಕೊಳ್ಳಲಿಲ್ಲ.

“ಊರ್ತು,” ಅಂದರು ಬೆಳ್ಳಿಯಮ್ಮ. “ಸಾಕು ಬಿಡು, ಏಳು.”

“ಇನ್ನೂ ಎರಡು ನಿಮಿಷ ಇದೆ ಅಜ್ಜಿ.”

ಆ ಎರಡು ನಿಮಿಷವನ್ನೂ ಮುಗಿಸಿ, ಶ್ರೀರಂಜನಿ ಜೆಲ್ ಒರೆಸಿ ಯಂತ್ರ ಆರಿಸಿದಳು.